ಕೈಜೋಲಿಯೊಳಗೆ ಕ್ಯಾಮೆರಾ

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋದವಳು ವಾಷಿಂಗ್ಟನ್‌ನ ಸುಪ್ರೀಂ ಕೋರ್ಟನ್ನೂ ನೋಡಿ ಬಂದೆ. ಕಲಾಪ ನಡೆಯುವಲ್ಲಿಗೆ ಮೊಬೈಲ್ ಒಯ್ಯಲು ಬಿಡಲಿಲ್ಲ. ಆದರೆ ಒಂಬತ್ತೂ ನ್ಯಾಯಮೂರ್ತಿಗಳ ಗ್ರೂಪ್ ಫೋಟೊ ಎಲ್ಲ ಕಡೆ ಕಾಣುತ್ತದೆ. ಅವರು ಪೀಠದಲ್ಲಿ ಕೂತು ವಾದ ಕೇಳುತ್ತಿರುವ ಫೋಟೊವನ್ನು ಯಾರೂ ತೆಗೆದೇ ಇಲ್ಲವೆ?
– ಓದುಗರು, ಶಿರಸಿ

ಉತ್ತರ: ತೆಗೆದಿದ್ದಾರೆ ತಾಯಿ, ಕದ್ದು ತೆಗೆದಿದ್ದಾರೆ. ಅದಕ್ಕೆ ಮೊದಲು ಗ್ರೂಪ್ ಫೋಟೊ ವಿಚಾರ. ಮೂವತ್ತು ವರ್ಷ ಸ್ಟುಡಿಯೊ ನಡೆಸಿದವನು ನಾನು, ಅದನ್ನು ಬಿಟ್ಟು ಮುಂದೆ ಹೋಗಲಾರೆ.

ಆ ಕೋರ್ಟಿನ ಮೊದಲ ಗ್ರೂಪ್ ಫೋಟೊ ತೆಗೆದವರು ಅಲೆಕ್ಸಾಂಡರ್ ಗಾರ್ಡ್ನರ್, 1867ರಲ್ಲಿ. ಅಂತರ್ಯುದ್ಧದ ರಣರಂಗದ ಹೆಣಗಳನ್ನೂ ಲಿಂಕನ್ನರನ್ನೂ ಗಾಜಿನ ಪ್ಲೇಟಿಗೆ ಇಳಿಸಿದ್ದವರು ಅವರೇ. ಈಗಲೂ ಹೊಸ ನ್ಯಾಯಮೂರ್ತಿ ಬಂದಾಗಲೆಲ್ಲ ಹೊಸ ಫೋಟೊ. 2022ರ ಅಕ್ಟೋಬರಿನಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಬಂದ ಮೇಲೂ ಒಂದು ತೆಗೆದರು. ಐದು ಜನ ಕೂರುತ್ತಾರೆ, ನಾಲ್ವರು ಹಿಂದೆ ನಿಲ್ಲುತ್ತಾರೆ. ನಡುವೆ ಮುಖ್ಯ ನ್ಯಾಯಮೂರ್ತಿ, ಅವರ ಬಲಕ್ಕೆ ಸೇವೆಯಲ್ಲಿ ಹಿರಿಯರು, ಎಡಕ್ಕೆ ಅವರ ನಂತರದವರು, ಹೀಗೇ ಬಲ ಎಡ ಬಲ ಎಡ. ಫೋಟೊಗ್ರಾಫರ್ ಪುಣ್ಯವಂತ! ನಮ್ಮ ಕಡೆ ಒಮ್ಮೆ ವಕೀಲರ ಗ್ರೂಪ್ ತೆಗೆಯಲು ಹೋಗಿ, ನಡುಕುರ್ಚಿಯ ಎಡಬಲ ಯಾರದೆಂದು ತೀರ್ಮಾನವಾಗುವಷ್ಟರಲ್ಲಿ ಬಿಸಿಲೇ ಇಳಿದುಹೋಗಿತ್ತು.

ಕುರ್ಚಿಯದೇ ಒಂದು ಕಥೆ ಅಲ್ಲಿಯೂ ಇದೆ. 1924ರಲ್ಲಿ ಗ್ರೂಪ್ ಫೋಟೊ ಆಗಲಿಲ್ಲ. ಯಹೂದಿಯಾದ ನ್ಯಾಯಮೂರ್ತಿ ಬ್ರಾಂಡೈಸ್ ಅವರ ಪಕ್ಕ ಕೂರಲು ಇನ್ನೊಬ್ಬ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಒಪ್ಪದ್ದೇ ಕಾರಣ ಎಂದು ಪುಸ್ತಕದಿಂದ ಪುಸ್ತಕಕ್ಕೆ ಹೇಳಿಕೊಂಡು ಬಂದಿದ್ದಾರೆ. ಮೆಕ್‌ರೆನಾಲ್ಡ್ಸ್ ಯಹೂದಿದ್ವೇಷಿ ಎಂಬುದೇನೋ ನಿಜ. ಆದರೆ ಹಿರಿತನ ಹಿಡಿದು ಕುರ್ಚಿ ಎಣಿಸಿ ನೋಡಿ. ಮುಖ್ಯ ನ್ಯಾಯಮೂರ್ತಿ ಟಾಫ್ಟ್ ಅವರನ್ನು ಬಿಟ್ಟರೆ ಮೆಕ್‌ರೆನಾಲ್ಡ್ಸ್ ನಾಲ್ಕನೆಯವರು, ಅಂದರೆ ಮುಂದಿನ ಸಾಲಿನ ಕೊನೆಯ ಕುರ್ಚಿ. ಬ್ರಾಂಡೈಸ್ ಐದನೆಯವರು, ಹಿಂದೆ ನಿಲ್ಲುವವರು. ಪಕ್ಕ ಕೂರುವ ಮಾತೇ ಇರಲಿಲ್ಲ! ಪೀಠದಲ್ಲಿ ಬದಲಾವಣೆ ಆಗುವ ತನಕ ಆ ಬೇಸರದ ಕೆಲಸಕ್ಕೆ ತಾನು ಬರುವುದಿಲ್ಲವೆಂದು ಮೆಕ್‌ರೆನಾಲ್ಡ್ಸ್ ಟಾಫ್ಟ್‌ಗೆ ಬರೆದಿದ್ದರು, ಅಷ್ಟೆ. ಮುಂದೆ ಇಬ್ಬರೂ ಒಂದೇ ಫೋಟೊದಲ್ಲಿ ಕೂತದ್ದೂ ಇದೆ.

ಇನ್ನು ಕದ್ದ ಫೋಟೊ. ಕೋರ್ಟಿಗೆ ಸ್ವಂತ ಕಟ್ಟಡವಾದದ್ದು 1935ರಲ್ಲಿ. ಅಲ್ಲಿಯವರೆಗೆ ಕ್ಯಾಪಿಟಲ್ ಭವನದಲ್ಲಿ, ಸೆನೆಟಿನ ಹಳೆಯ ಸಭಾಂಗಣದಲ್ಲಿ ಕೂರುತ್ತಿತ್ತು. 1932ರಲ್ಲಿ ಎರಿಕ್ ಸಾಲೊಮನ್ ಎಂಬ ಜರ್ಮನ್ ಫೋಟೊಗ್ರಾಫರ್ ಕೈ ಮುರಿದವರ ಹಾಗೆ ಕುತ್ತಿಗೆಗೆ ಜೋಲಿ ಕಟ್ಟಿಕೊಂಡು ಒಳಗೆ ಹೋದರು. ಜೋಲಿಯೊಳಗೆ ಸಣ್ಣ ಕ್ಯಾಮೆರಾ. ಫ್ಲ್ಯಾಶ್ ಇಲ್ಲ, ಕಣ್ಣಿಗೆ ಕಿಂಡಿ ಸಿಗುವುದಿಲ್ಲ, ಅಂದಾಜಿನ ಮೇಲೆ ಫ್ರೇಮು. ನನಗಂತೂ ಎರಡೂ ಕೈ ನೆಟ್ಟಗಿದ್ದಾಗಲೇ ಕಲ್ಯಾಣಮಂಟಪದ ಮಬ್ಬಿನಲ್ಲಿ ಎಷ್ಟೋ ಫೋಟೊ ಅಲುಗಿಹೋಗಿವೆ. ಸಾಲೊಮನ್ ಯಹೂದಿ; 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಸತ್ತರು.

ಇನ್ನೊಂದು, 1937ರಲ್ಲಿ ‘ಟೈಮ್’ ಪತ್ರಿಕೆಯಲ್ಲಿ ಬಂತು. ತೆಗೆದವಳು ಹವ್ಯಾಸಿ, ಚಿಕ್ಕ ವಯಸ್ಸಿನ ಹೆಂಗಸು. ಕೈಚೀಲಕ್ಕೆ ತೂತು ಕೊರೆದು, ಲೆನ್ಸ್ ಅದರಿಂದ ಇಣುಕುವಂತೆ ಇಟ್ಟಿದ್ದಳಂತೆ. ಕಲಾಪದ ಫೋಟೊಗಳೆಂದು ಎಲ್ಲರೂ ಹೆಸರಿಸುವುದು ಇವೆರಡನ್ನೇ. 2014ರಲ್ಲಿ ಪ್ರತಿಭಟನೆಯ ಗುಂಪೊಂದು ಕದ್ದು ವಿಡಿಯೊ ತೆಗೆದು ಯೂಟ್ಯೂಬಿಗೆ ಹಾಕಿತು, ಅದು ಬೇರೆ.

ನ್ಯಾಯಮೂರ್ತಿಗಳ ಹಟವೂ ಸಣ್ಣದಲ್ಲ. ಕೋರ್ಟಿನೊಳಗೆ ಕ್ಯಾಮೆರಾ ಬರುವುದಾದರೆ ಅದು ತನ್ನ ಹೆಣದ ಮೇಲೆ ಉರುಳಿಕೊಂಡು ಬರಬೇಕು ಎಂದು 1996ರಲ್ಲಿ ಡೇವಿಡ್ ಸೌಟರ್ ಸಂಸತ್ತಿನ ಸಮಿತಿಯ ಮುಂದೆಯೇ ಹೇಳಿದ್ದರು. ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ನೇರ ಪ್ರಸಾರಕ್ಕೆ ಒಪ್ಪಿ, 2022ರ ಸೆಪ್ಟೆಂಬರಿನಿಂದ ಸಂವಿಧಾನ ಪೀಠದ ಕಲಾಪವನ್ನು ತೋರಿಸತೊಡಗಿತು. ಕರ್ನಾಟಕ ಹೈಕೋರ್ಟಿನ ಕಲಾಪವನ್ನು ನಾನು ಯೂಟ್ಯೂಬಿನಲ್ಲೇ ನೋಡಿದ್ದೇನೆ. ಅಮೆರಿಕದಲ್ಲಿ ಇವತ್ತಿಗೂ ಒಳಗೆ ಕೂತು ಬಣ್ಣದ ಕಡ್ಡಿಯಲ್ಲಿ ಬಿಡಿಸಿದ ಚಿತ್ರಗಳೇ ಪತ್ರಿಕೆಗಳಿಗೆ ಗತಿ.

ದನಿ ಮಾತ್ರ 2020ರ ಮೇ ತಿಂಗಳಿಂದ, ಕೋವಿಡ್ ದೆಸೆಯಿಂದ, ನೇರವಾಗಿ ಕೇಳಿಸುತ್ತದೆ. ಅಲ್ಲಿ ವಾದ ಶುರುವಾಗುವುದು ಬೆಳಗ್ಗೆ 10ಕ್ಕೆ. ಚಳಿಗಾಲದಲ್ಲಿ ಆಗ ನಿಮಗೆ ರಾತ್ರಿ ಎಂಟೂವರೆ. ಊಟ ಮುಗಿಸಿಕೊಂಡು ಕೂರಬಹುದು.