ಸ್ಕ್ಯಾನ್ 'ಸ್ಟೇಬಲ್' (ಕಾಯಿಲೆ ಬೆಳೆದಿಲ್ಲ) ಅಂತ ಬಂದರೂ ಅಮ್ಮ ಸೊರಗುತ್ತಿದ್ದಾರೆ. ಡಾಕ್ಟರಿಗೆ ತೋರಿಸಲು ಏನೇನು ಬರೆದಿಡಬೇಕು?

ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದೆ, ಕ್ಯಾಪೆಸಿಟಬೀನ್ ಎಂಬ ಕೀಮೋ ಮಾತ್ರೆ ನಡೆಯುತ್ತಿದೆ, ಮನೆಯಲ್ಲಿ ಅಮ್ಮ ದಿನೇ ದಿನೇ ಕುಗ್ಗುತ್ತಿದ್ದಾರೆ, ಡಾಕ್ಟರ್ ಎದುರು ಮಾತ್ರ 'ಚೆನ್ನಾಗಿದ್ದೀನಿ' ಅನ್ನುತ್ತಾರೆ ಎಂದು ಬರೆದಿದ್ದೀರಿ. ನಾನೂ ಅದೇ ಕಾಯಿಲೆಯ ಅದೇ ಹಂತದಲ್ಲಿ, ಅದೇ ಮಾತ್ರೆ ನುಂಗುತ್ತಿರುವವಳು. ಅದಕ್ಕೇ ಮೊದಲು ಆ 'ಚೆನ್ನಾಗಿದ್ದೀನಿ' ಬಗ್ಗೆ ಹೇಳುತ್ತೇನೆ. ಅದು ಸರಿಹೋಗದೆ ಯಾವ ಡೈರಿಯಿಂದಲೂ ಪ್ರಯೋಜನವಿಲ್ಲ.

ನಮ್ಮಂಥವರು ಹಾಗನ್ನುವುದು ಬಹುಮಟ್ಟಿಗೆ ಭಯದಿಂದ. ತೊಂದರೆ ಹೇಳಿಕೊಂಡರೆ ಡಾಕ್ಟರ್ ಔಷಧವನ್ನೇ ನಿಲ್ಲಿಸಿಬಿಟ್ಟರೆ? ಕೆಲಸ ಮಾಡುತ್ತಿರುವ ಔಷಧ ಕೈತಪ್ಪಿದರೆ ಮುಂದೇನು? ಈ ಯೋಚನೆಯ ಮುಂದೆ ಅಂಗೈ ಉರಿ, ಭೇದಿ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ನುಂಗಿಕೊಳ್ಳಬಹುದಾದವು ಅನಿಸುತ್ತವೆ. ಆದರೆ ಡೋಸ್ ಇಳಿಸುವುದು ಚಿಕಿತ್ಸೆಯ ಭಾಗವೇ, ಸೋಲಲ್ಲ. ಕ್ಯಾಪೆಸಿಟಬೀನನ್ನು ಕೆಲವು ದಿನ ತಡೆದು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡುವುದು ಸಾಮಾನ್ಯ. ಸ್ತನ ಕ್ಯಾನ್ಸರಿನ ಇನ್ನೊಂದು ಔಷಧ ಪಾಲ್ಬೊಸಿಕ್ಲಿಬ್‌ನಂಥ ಮಾತ್ರೆಗೂ 125 ಮಿಲಿಗ್ರಾಂನಿಂದ 100ಕ್ಕೆ, ಅಲ್ಲಿಂದ 75ಕ್ಕೆ ಎಂದು ಮೆಟ್ಟಿಲು ಮೊದಲೇ ಗೊತ್ತುಮಾಡಿದ್ದಾರೆ.

ಇದಕ್ಕೆ ಗಟ್ಟಿ ಆಧಾರವೂ ಇದೆ. ಅಮೆರಿಕದಲ್ಲಿ ಕ್ಯಾನ್ಸರ್ ಹರಡಿದ್ದ 766 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅವರಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಒಂದು ಗುಂಪಿನವರು ತಮ್ಮ ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ದಾಖಲಿಸುತ್ತಿದ್ದರು, ಹೆಚ್ಚಾದಾಗ ನರ್ಸ್‌ಗೆ ಸಂದೇಶ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ, ದಾಖಲಿಸಿದವರು ಸರಾಸರಿ 8.2 ತಿಂಗಳು ಕೀಮೋ ಮುಂದುವರಿಸಿದರು, ಉಳಿದವರು 6.3 ತಿಂಗಳು. ಹೇಳಿಕೊಂಡವರಿಗೇ ಔಷಧ ಹೆಚ್ಚು ಕಾಲ ಸಿಕ್ಕಿತು. ಅಮ್ಮನಿಗೆ ಇದೊಂದನ್ನು ಓದಿ ಹೇಳಿ.

ಇನ್ನು ಏನು ಬರೆಯಬೇಕು ಅನ್ನುವುದು. 'ಉರಿ ಜಾಸ್ತಿ', 'ಸುಸ್ತು' ಎಂದು ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಏನು ಮಾಡಲಾಗಲಿಲ್ಲ ಅನ್ನುವುದನ್ನು ಬರೆಯಿರಿ. ನನ್ನ ಪುಸ್ತಕದಲ್ಲಿ ಹೀಗಿದೆ: 'ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಗುಂಡಿ ಹಾಕಿಕೊಳ್ಳಲು ಮಗಳನ್ನು ಕರೆದೆ. ಫೋನ್ ನನ್ನ ಬೆರಳಚ್ಚು ಗುರುತಿಸುತ್ತಿಲ್ಲ.' ಈ ಮಾತ್ರೆಯಿಂದ ಬೆರಳಿನ ಗೆರೆಗಳು ಅಳಿಸಿಹೋಗುವುದುಂಟು, ಗಾಬರಿಯಾಗಬೇಡಿ. ಅಂಗೈ ಅಂಗಾಲಿನ ತೊಂದರೆ ಎಷ್ಟು ತೀವ್ರ ಎಂದು ಡಾಕ್ಟರ್ ನಿರ್ಧರಿಸುವುದೂ ಹೀಗೆಯೇ. ಅಡುಗೆ, ಓಡಾಟದಂಥ ಕೆಲಸಕ್ಕೆ ಅಡ್ಡಿಯಾದರೆ ಎರಡನೇ ದರ್ಜೆ. ಬಟ್ಟೆ ಹಾಕಿಕೊಳ್ಳುವುದು, ಸ್ನಾನದಂಥ ಸ್ವಂತ ಕೆಲಸಕ್ಕೇ ಅಡ್ಡಿಯಾದರೆ ಮೂರನೆಯದು. ಗುಂಡಿಯ ಆ ಒಂದು ಸಾಲು ಡೋಸನ್ನೇ ಬದಲಿಸಬಲ್ಲದು.

ಬರೆಯುವ ದಿನವೂ ಮುಖ್ಯ. ಸಾಮಾನ್ಯವಾಗಿ ಹದಿನಾಲ್ಕು ದಿನ ಮಾತ್ರೆ, ಏಳು ದಿನ ಬಿಡುವು. ಬಿಡುವಿನ ಕೊನೆಯಲ್ಲಿ ಡಾಕ್ಟರನ್ನು ಕಂಡರೆ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ! ಆದ್ದರಿಂದ ಪ್ರತಿ ಸುತ್ತಿನಲ್ಲೂ ಮಾತ್ರೆಯ ಕೊನೆಯ ದಿನ ಒಮ್ಮೆ, ಬಿಡುವಿನ ಕೊನೆಯ ದಿನ ಒಮ್ಮೆ ಬರೆದರೆ ಸುತ್ತಿನಿಂದ ಸುತ್ತಿಗೆ ಹೋಲಿಸಬಹುದು. ಬಿಡುವಿನಲ್ಲೂ ಚೇತರಿಕೆ ಕಾಣದಿದ್ದರೆ ಅದನ್ನೇ ಮೊದಲು ಹೇಳಿ. ರಕ್ತ ಕಡಿಮೆಯಾಗಿದೆಯೇ, ಥೈರಾಯ್ಡ್ ಏರುಪೇರಾಗಿದೆಯೇ, ನೋವು ನಿದ್ದೆ ಕೆಡಿಸುತ್ತಿದೆಯೇ, ಮನಸ್ಸು ಕುಸಿದಿದೆಯೇ ಎಂದು ಅವರು ನೋಡಬೇಕಾಗುತ್ತದೆ. ಸುಸ್ತಿಗೆಲ್ಲ ಕೀಮೋ ಒಂದೇ ಕಾರಣವಲ್ಲ.

ಸಿದ್ಧ ಪ್ರಶ್ನಾವಳಿ ಬೇಕಿದ್ದರೆ ಆಸ್ಪತ್ರೆಯಲ್ಲಿ ಕ್ಯೂಎಲ್‌ಕ್ಯೂ-ಸಿ30 ಕೇಳಿ. ಕ್ಯಾನ್ಸರ್ ಸಂಶೋಧನೆ ನಡೆಸುವ ಯುರೋಪಿನ ಇಒಆರ್‌ಟಿಸಿ ಸಂಸ್ಥೆಯದು, 1993ರಿಂದ ಬಳಕೆಯಲ್ಲಿದೆ. ಮೂವತ್ತು ಪ್ರಶ್ನೆ, ಹೆಚ್ಚಿನವು ಹೋದ ಒಂದು ವಾರದ ಬಗ್ಗೆ. ನೋವು, ನಿದ್ದೆ, ಹಸಿವಿನ ಜೊತೆಗೆ ಕುಟುಂಬ, ಹಣದ ಚಿಂತೆಯನ್ನೂ ಕೇಳುತ್ತದೆ. ಸ್ತನ ಕ್ಯಾನ್ಸರಿಗೆಂದೇ ಇನ್ನೊಂದು ಭಾಗವಿದೆ, ಅದರಲ್ಲಿ ದೇಹದ ಬಗೆಗಿನ ಭಾವನೆ, ದಾಂಪತ್ಯದ ಪ್ರಶ್ನೆಗಳೂ ಬರುತ್ತವೆ. ಈ ಕಾರಣಕ್ಕೇ ಕೇಳಿಕೊಳ್ಳುತ್ತೇನೆ, ಅದನ್ನು ನೀವು ತುಂಬಬೇಡಿ. ಓದಲು ಕಷ್ಟವಾದರೆ ನರ್ಸ್ ಓದಿ ಹೇಳಲಿ. ಮಕ್ಕಳ ಎದುರು ತಾಯಿ ಎಲ್ಲದಕ್ಕೂ 'ಇಲ್ಲ' ಎಂದೇ ಗುರುತು ಹಾಕಿಯಾರು. ಜೊತೆಗೆ, ಮನೆಯವರು ತುಂಬಿದಾಗ ರೋಗಿಗೆ ಅನಿಸುವುದಕ್ಕಿಂತ ಹೆಚ್ಚು ಕಷ್ಟ ಕಾಣಿಸುವುದೇ ಜಾಸ್ತಿ. ನಿಮ್ಮ ಕಣ್ಣಿಗೆ ಬಿದ್ದದ್ದನ್ನು ಬೇರೆ ಹಾಳೆಯಲ್ಲಿ, ನಿಮ್ಮ ಹೆಸರಲ್ಲೇ ಬರೆಯಿರಿ.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಇದೆಲ್ಲದರಿಂದ ಮೂರು ಸಾಲು ಆರಿಸಿ ಅಮ್ಮನ ಕೈಗೆ ಕೊಡಿ. ಕೋಣೆಗೆ ಹೋದ ತಕ್ಷಣ, ಸ್ಕ್ಯಾನ್ ಮಾತು ಶುರುವಾಗುವ ಮೊದಲೇ, ಆ ಚೀಟಿ ಮೇಜಿನ ಮೇಲೆ ಇರಲಿ. ನೋವು ಹತೋಟಿಗೆ ಬಾರದಿದ್ದರೆ ನೋವು, ಸಂಕಟ ತಗ್ಗಿಸುವ ಉಪಶಾಮಕ ಚಿಕಿತ್ಸೆಯ (ಪ್ಯಾಲಿಯೇಟಿವ್ ಕೇರ್) ತಂಡವನ್ನು ಕೇಳಿ. ಅದು ಕೊನೆಗಾಲಕ್ಕೆ ಮಾತ್ರ ಅನ್ನುವುದು ತಪ್ಪು ತಿಳಿವಳಿಕೆ, ಕ್ಯಾನ್ಸರ್ ಚಿಕಿತ್ಸೆಯ ಜೊತೆಜೊತೆಗೇ ನಡೆಯುತ್ತದೆ.

ಕೆಲವನ್ನು ಮಾತ್ರ ಪುಸ್ತಕದಲ್ಲಿ ಬರೆದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ: 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ, ನಿಲ್ಲದ ಭೇದಿ, ಎದೆನೋವು, ಹೊಸದಾಗಿ ಉಸಿರಾಟದ ತೊಂದರೆ. ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಒಟ್ಟಿಗೆ ಬಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಬೆನ್ನುನೋವಿನ ಜೊತೆ ಕಾಲಿನ ಶಕ್ತಿ ಕುಂದಿದರೆ, ಜೋಮು ಹಿಡಿದರೆ ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು. ಮೂಳೆಗೆ ಹರಡಿರುವುದರಿಂದ ಈ ಎರಡನ್ನು ಮನೆಯವರೆಲ್ಲರಿಗೂ ತಿಳಿಸಿಡಿ. ಹಾಗೇನಾದರೂ ಆದರೆ ರಾತ್ರಿಯಾದರೂ ಸರಿ, ಕರೆದುಕೊಂಡು ಹೋಗಿ.