ಗಿರಣಿಯ ಸದ್ದು ಎಲ್ಲಿ ಹೋಯಿತು?

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ನನ್ನ ಮೊದಲ ಕಿರುಚಿತ್ರ’ ಲೇಖನ ಓದಿದೆ. ಊರಿನ ಹಿಟ್ಟಿನ ಗಿರಣಿ, ಅದರ ಯಜಮಾನರು, ಗಿರಣಿ ಮುಚ್ಚುವ ಹಿಂದಿನ ದಿನ. 12 ನಿಮಿಷದ ಚಿತ್ರಕ್ಕೆ ಹೇಳಿ ಮಾಡಿಸಿದ ವಸ್ತು. ಭಾಷೆ ಚೆನ್ನಾಗಿದೆ. ಯಜಮಾನರ ರೆಪ್ಪೆಗೆ ಹಿಟ್ಟು ಮೆತ್ತಿದ್ದನ್ನು ಗಮನಿಸಿದ್ದೀರಿ, ಅದು ಇಷ್ಟವಾಯಿತು. 1895ರ ಪ್ಯಾರಿಸ್ಸಿನ ಸಿನಿಮಾ ಪ್ರದರ್ಶನದಿಂದ 1934ರ ಮೊದಲ ಕನ್ನಡ ಮಾತಿನ ಚಿತ್ರದವರೆಗೆ ಓಡುವ ಮೊದಲ ಪ್ಯಾರಾ ಬೇಡ. ಹೊಡೆದು ಹಾಕಿದ್ದೇನೆ.

ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೇ ಪುಟದ ಎರಡು ವಾಕ್ಯ. “ಗಿರಣಿಯ ಸದ್ದಿನಿಂದ ತುಂಬಾ ತೊಂದರೆಯಾಯಿತು. ಆದರೂ ಛಲ ಬಿಡದೆ ಚಿತ್ರೀಕರಣ ಮುಗಿಸಿ, ಧ್ವನಿಯನ್ನು ಆಮೇಲೆ ಡಬ್ಬಿಂಗ್‌ನಲ್ಲಿ ಸರಿಪಡಿಸಿದೆವು.” ಮುಂದಿನ ಸಾಲಿಗೆ ನೀವು ಎಡಿಟಿಂಗಿಗೆ ಕೂತಾಗಿದೆ. ನಿಜ ಹೇಳಬೇಕೆಂದರೆ ಇಲ್ಲಿ ನನಗೆ ಸಿಟ್ಟು ಬಂತು. ಇಡೀ ಲೇಖನ ಇರಬೇಕಾಗಿದ್ದೇ ಈ ಎರಡು ವಾಕ್ಯಗಳ ನಡುವೆ, ಅಲ್ವಾ?

“ತುಂಬಾ ತೊಂದರೆ” ಅಂದರೆ ಯಾವ ತೊಂದರೆ? ಗಿರಣಿ ಓಡುತ್ತಿದ್ದಾಗಲೇ ಶೂಟ್ ಮಾಡಿದಿರಾ, ಆಫ್ ಮಾಡಿಸಿದಿರಾ? ಎರಡೂ ಬೇರೆ ಬೇರೆ ಕಥೆ. ಓಡುವ ಗಿರಣಿಯ ಸದ್ದು ಒಂದೇ ಸಮ ಇರುವುದಿಲ್ಲ. ಕಾಳು ಸುರಿದಾಗ ಭಾರ ಬಿದ್ದು ಸದ್ದು ದಪ್ಪವಾಗುತ್ತದೆ. ಕಾಳು ಮುಗಿಯುತ್ತ ಬಂದ ಹಾಗೆ ಕೀರಲಾಗುತ್ತದೆ. ಯಜಮಾನರ ಶಾಟ್ ಒಂದು ಸದ್ದಿನಲ್ಲಿ, ಗಿರಾಕಿಯ ಶಾಟ್ ಇನ್ನೊಂದು ಸದ್ದಿನಲ್ಲಿ ತೆಗೆದಿದ್ದರೆ, ಜೋಡಿಸಿದಾಗ ಪ್ರತಿ ಕಟ್‌ಗೂ ಸದ್ದು ಜಿಗಿಯುತ್ತದೆ.

ಆಫ್ ಮಾಡಿಸಿದ್ದರೆ ಇನ್ನೊಂದು ಪೇಚು. ಸದ್ದಿಲ್ಲದ ಜಾಗದಲ್ಲಿ ಯಾರೂ ಸುಮ್ನೆ ಕೂಗಿ ಮಾತಾಡುವುದಿಲ್ಲ. ಆಮೇಲೆ ಗಿರಣಿ ಸದ್ದು ಸೇರಿಸಿದರೆ, ಅಷ್ಟು ಗಲಾಟೆಯ ಮಧ್ಯೆ ಇಬ್ಬರು ಆರಾಮಾಗಿ ಹರಟುತ್ತಿರುವಂತೆ ಕಾಣುತ್ತದೆ. ಡಬ್ಬಿಂಗ್‌ನಲ್ಲಿ ದನಿ ಏರಿಸಬಹುದು. ಕತ್ತಿನ ನರ ಉಬ್ಬಿಸಲು ಆಗುವುದಿಲ್ಲ.

ಅದಕ್ಕೇ ಅದೇ ಪುಟದ ಇನ್ನೊಂದು ಸಾಲೂ ನನಗೆ ಒಗ್ಗಲಿಲ್ಲ. “ಯಜಮಾನರೇ ಪಾತ್ರ ಮಾಡಿದರು. ಅವರಿಂದ ಸಹಜ ಅಭಿನಯ ತೆಗೆಸಿದೆ.” ಹೇಗೆ ತೆಗೆಸಿದಿರಿ? ಆ ಮನುಷ್ಯ ಜೀವನವಿಡೀ ಯಂತ್ರದ ಜೊತೆ ಪೈಪೋಟಿಗೆ ಬಿದ್ದು ಮಾತಾಡಿದವರು. ಗಿರಾಕಿಯ ಕಿವಿಯ ಹತ್ತಿರ ಬಾಯಿ ತರುತ್ತಾರೆ, ಎಷ್ಟು ಕೆ.ಜಿ. ಅನ್ನುವುದನ್ನು ಬೆರಳಲ್ಲೇ ತೋರಿಸುತ್ತಾರೆ. ಮೋಟಾರ್ ನಿಂತರೆ ಆ ಬೆರಳೂ ನಿಲ್ಲುತ್ತದೆ. ಅದನ್ನು ಉಳಿಸಿಕೊಳ್ಳಲು ನೀವೇನು ಮಾಡಿದಿರಿ? ರಿಹರ್ಸಲ್‌ಗೆ ಗಿರಣಿ ಓಡಿಸಿ, ಟೇಕ್‌ಗೆ ನಿಲ್ಲಿಸಿದಿರಾ? “ಆಕ್ಷನ್ ಎಂದಾಗ ಮೈ ಜುಮ್ಮೆಂದಿತು” ಅಂತ ಮೂರು ಕಡೆ ಬರೆದಿದ್ದೀರಿ. ಆಕ್ಷನ್ ಅನ್ನುವ ಮೊದಲು ಅವರ ಹತ್ತಿರ ಹೋಗಿ ಏನು ಹೇಳಿದಿರಿ ಅನ್ನುವುದು ಒಂದು ಕಡೆಯೂ ಇಲ್ಲ. ನಿರ್ದೇಶನ ನಡೆದಿದ್ದು ಅಲ್ಲಿ.

ಪತ್ರಿಕೆಗೆ ಬರುವ ಮೊದಲು ನಾನು ಸ್ವಲ್ಪ ಕಾಲ ಸೆಟ್‌ನಲ್ಲಿ ಕ್ಲ್ಯಾಪ್ ಹಿಡಿಯುತ್ತಿದ್ದೆ, ಶಾಟ್ ಶುರುವಿಗೆ ಟಪ್ಪೆಂದು ಬಡಿಯುವ ಹಲಗೆ. ರೀಲಿನ ಕಾಲ. 400 ಅಡಿ ಫಿಲಂ ಹಾಕಿದರೆ ಸುಮಾರು ನಾಲ್ಕೂವರೆ ನಿಮಿಷಕ್ಕೆ ಖಾಲಿ. ಹಾಗಾಗಿ ಕ್ಯಾಮೆರಾ ಓಡಿದ್ದಕ್ಕಿಂತ ರಿಹರ್ಸಲ್ಲೇ ಜಾಸ್ತಿ. ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ. ಕ್ಲ್ಯಾಪಿನ ಪಟ್ಟಿ ಬಡಿದ ಫ್ರೇಮಿನಲ್ಲಿ ಎರಡನ್ನೂ ಕೂಡಿಸಬೇಕು. ಅಲ್ಲಿನ ಸೌಂಡ್ ರೆಕಾರ್ಡಿಸ್ಟ್ ವಯಸ್ಸಾದವರು, ಮಾತು ಕಡಿಮೆ. ಸೀನ್ ಮುಗಿದ ಮೇಲೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಬರೀ ಆ ಜಾಗದ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡುತ್ತಿದ್ದರು. ಮಾತಿನ ತುಂಡುಗಳ ನಡುವಿನ ಖಾಲಿ ಜಾಗ ತುಂಬಲು ಅದು ಬೇಕೇ ಬೇಕು. ಆಮೇಲೆ ನನ್ನ ಕೈಗೆ ಸೌಂಡ್ ರಿಪೋರ್ಟ್, ಅಂದರೆ ರೆಕಾರ್ಡಿಂಗಿನ ವಿವರ ಬರೆಯುವ ಹಾಳೆ, ಕೊಟ್ಟು “ಏನೇನು ಕೇಳಿಸ್ತು, ಬರಿ” ಅನ್ನುತ್ತಿದ್ದರು. ‘ಪ್ರಶಾಂತ ವಾತಾವರಣ’ ಅನ್ನುವಂಥದ್ದನ್ನು ಅವರು ಒಪ್ಪುತ್ತಲೇ ಇರಲಿಲ್ಲ. ‘ದೂರದಲ್ಲಿ ಪಂಪ್‌ಸೆಟ್, ಎಡಗಡೆ ಕಾಗೆ, ತಗಡಿನ ಮೇಲೆ ಒಣಎಲೆ’. ಹೀಗಿರಬೇಕಿತ್ತು. ಬರವಣಿಗೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ, ಆ ರಿಪೋರ್ಟ್ ಬರೆದು ಕಲಿತಷ್ಟು ಎಲ್ಲೂ ಕಲಿಯಲಿಲ್ಲ.

ಪೋಸ್ಟರ್, ಸಂಗೀತ, ಯೂಟ್ಯೂಬ್ ಬಗ್ಗೆ ಬರೆದಿದ್ದು ಸದ್ಯಕ್ಕೆ ಹಾಗೇ ಇರಲಿ. ಗಿರಣಿಯ ಆ ಒಂದು ದಿನವನ್ನು ಮಾತ್ರ ಎರಡು ಪುಟ ಬರೆಯಿರಿ. ಮೈಕ್ ಎಲ್ಲಿ ಇಟ್ಟಿರಿ? ಮೊಬೈಲಾ, ಬೇರೆ ರೆಕಾರ್ಡರಾ? ಗಿರಣಿ ನಿಲ್ಲಿಸಿದ್ದರೆ ಸರದಿಯಲ್ಲಿ ಚೀಲ ಇಟ್ಟವರು ಏನಂದರು? ಡಬ್ಬಿಂಗ್‌ಗೆ ಯಜಮಾನರೇ ಬಂದರಾ, ಬೇರೆಯವರ ದನಿಯಾ? ಗಿರಣಿ ಈಗ ಮುಚ್ಚಿದೆ ಅಂತಲೂ ಬರೆದಿದ್ದೀರಿ. ಶೂಟಿಂಗಿನ ಮೂಲ ಫೈಲುಗಳನ್ನು ದಯವಿಟ್ಟು ಅಳಿಸಬೇಡಿ, ಹಾರ್ಡ್‌ಡಿಸ್ಕಿಗೆ ಹಾಕಿಡಿ. ಬರೆಯಲು ಕೂರುವ ಮೊದಲು ಅವನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಈ ತಿಂಗಳ 20ರೊಳಗೆ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಜಾಗ ಇಡುತ್ತೇನೆ.