ಹಳೆಯ ಫೋರ್ ವೀಲ್ ಡ್ರೈವ್: ಜಿಪ್ಸಿಯೋ, ಎಂಎಂ 540 ಜೀಪೋ?

ಆಫ್‌ರೋಡ್‌ಗೆಂದು, ಅಂದರೆ ರಸ್ತೆಯಿಲ್ಲದ ಕಡೆ ಓಡಿಸಲೆಂದು, ನಿಧಾನವಾಗಿ ಸಿದ್ಧಪಡಿಸಿಕೊಳ್ಳಲು ಹಳೆಯ ಮಾರುತಿ ಜಿಪ್ಸಿ ಒಳ್ಳೆಯದೋ, ಮಹೀಂದ್ರ ಎಂಎಂ 540 ಜೀಪ್ ಒಳ್ಳೆಯದೋ ಎಂದು ಕೇಳಿದ್ದೀರಿ. ನಾನು ಕೋಲಾರದವನು, ನಮ್ಮ ಕಡೆಯ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತಿದ್ದೇನೆ. ಮಾದರಿಗಿಂತ ಮೊದಲು ಚಾಸಿ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟು) ಮತ್ತು ದಾಖಲೆಗಳನ್ನು ನೋಡಿ. ಇಂಜಿನ್ ಸೋತಿದ್ದರೆ ಬೋರ್ ಮಾಡಿಸಬಹುದು, ಬಾಡಿಯನ್ನಂತೂ ಹೊಸದಾಗಿಯೇ ಕಟ್ಟಿಸಬಹುದು. ಆದರೆ ಒಳಗಿನಿಂದ ತುಕ್ಕು ತಿಂದ ಚಾಸಿಗಾಗಲಿ, ಬೇರೊಂದು ಗಾಡಿಯ ಆರ್‌ಸಿ (ನೋಂದಣಿ ಪತ್ರ) ಹೊತ್ತ ಜೀಪಿಗಾಗಲಿ ಹಣ ಸುರಿಯುವುದು ವ್ಯರ್ಥ.

ಎರಡೂ ಸಮಸ್ಥಿತಿಯಲ್ಲಿದ್ದರೆ ನಾನು ಜಿಪ್ಸಿಯನ್ನೇ ಆರಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷದ ಬಹುಪಾಲು ಸಿಗುವುದು ಬಂಡೆ ಮತ್ತು ಸಡಿಲ ಗರಸು. ಕೆಸರು ಬೇಕೆಂದರೆ ಮಳೆಯಾದ ಮೇಲೆ ಕೆರೆಯಂಗಳಕ್ಕೇ ಇಳಿಯಬೇಕು. ಸುಮಾರು ಒಂದು ಟನ್ ತೂಗುವ ಜಿಪ್ಸಿ ಅಲ್ಲಿ ಜೀಪಿನಷ್ಟು ಹೂತುಕೊಳ್ಳುವುದಿಲ್ಲ. 1985ರ ಮೊದಲ ಜಿಪ್ಸಿಯದು ಒಂದು ಲೀಟರ್ ಇಂಜಿನ್, 1996ರ ಜಿಪ್ಸಿ ಕಿಂಗ್‌ನದು 1.3 ಲೀಟರ್; 2000ದ ಸುಮಾರಿಗೆ ಬಂದ 80 ಅಶ್ವಶಕ್ತಿಯ ಎಂಪಿಎಫ್‌ಐ (ಇಂಧನವನ್ನು ಇಂಜೆಕ್ಟರ್‌ಗಳಿಂದ ಚಿಮ್ಮಿಸುವ) ಇಂಜಿನ್ ಸಿಕ್ಕರೆ ಕಾರ್ಬುರೇಟರ್‌ನ ತಾಪತ್ರಯವೂ ಇರುವುದಿಲ್ಲ. ಎಂಎಂ 540ಯ 2.1 ಲೀಟರ್ ಪೂಜೋ ಡೀಸೆಲ್ ಇಂಜಿನ್ ಕಡಿಮೆ ವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ ಎಂಬುದು ನಿಜ, ತೋಟದ ಕೆಲಸವೂ ಇದ್ದರೆ ಅದೇ ಸರಿ. ಆದರೆ ಜೀಪ್ ಎಂದು ಮಾರಾಟಕ್ಕೆ ಬರುವವುಗಳಲ್ಲಿ ಟೂ ವೀಲ್ ಡ್ರೈವ್‌ನವೂ ಬಹಳ. ಕೆಳಗೆ ಬಗ್ಗಿ ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಇದೆಯೇ ಎಂದು ನೋಡದೆ ಮಾತಿಗೆ ಕೂರಬೇಡಿ.

ಗಾಡಿ ನೋಡಲು ಹೋಗುವಾಗ ಒಂದು ಸಣ್ಣ ಸುತ್ತಿಗೆ ಮತ್ತು ಟಾರ್ಚ್ ಇರಲಿ. ಹಿಂದಿನ ಸ್ಪ್ರಿಂಗ್ ಶ್ಯಾಕಲ್‌ಗಳ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಜೋಡಿಸುವ ಕೊಂಡಿಗಳ) ಬಳಿ ಚಾಸಿಯನ್ನು ತಟ್ಟಿದಾಗ ಗಟ್ಟಿ ಸದ್ದಿನ ಬದಲು ಮಂದ ಸದ್ದು ಬಂದರೆ, ಅಥವಾ ಹೊಸ ಕಪ್ಪು ಬಣ್ಣದ ಅಡಿಯಲ್ಲಿ ಪಟ್ಟಿ ಬೆಸುಗೆ ಹಾಕಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಕರಾವಳಿಯಲ್ಲಿ ಓಡಿದ ಗಾಡಿಗಿಂತ ಬಯಲುಸೀಮೆಯದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಳಿಕ ಮುಂದಿನ ಚಕ್ರವನ್ನು ಜ್ಯಾಕ್ ಮೇಲೆತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲತೆ, ಇದ್ದರೆ ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ: ಆಟ ನಿಂತರೆ ದೋಷ ವೀಲ್ ಬೇರಿಂಗ್‌ನದು, ನಿಲ್ಲದಿದ್ದರೆ ಕಿಂಗ್‌ಪಿನ್‌ನದು (ಚಕ್ರ ಎಡಬಲಕ್ಕೆ ತಿರುಗುವ ಗೂಟ), ರಸ್ತೆಯಲ್ಲಿ ಸ್ಟೇರಿಂಗ್ ಗಡಗಡ ನಡುಗುವುದಕ್ಕೆ ಬಹಳ ಸಲ ಇದೇ ಮೂಲ. ಜಿಪ್ಸಿಯಾದರೆ ಮುಂಚಕ್ರದ ಹಿಂದಿನ ಉಕ್ಕಿನ ಗುಂಡನ್ನು ಬೆರಳಿನಿಂದ ಒರೆಸಿ ನೋಡಿ. ಗ್ರೀಸ್ ಗಟ್ಟಿಯಾಗಿರದೆ ಎಣ್ಣೆಯಂತೆ ತೆಳುವಾಗಿದ್ದರೆ ಆಕ್ಸಲ್‌ನ ಒಳ ಆಯಿಲ್ ಸೀಲ್ ಹೋಗಿದೆ ಎಂದರ್ಥ. ದುರಸ್ತಿ ದೊಡ್ಡದಲ್ಲ, ಚೌಕಾಸಿಗೆ ಮಾತ್ರ ಬಲವಾದ ಕಾರಣ. ಫೋರ್ ವೀಲ್ ಡ್ರೈವನ್ನು ಡಾಂಬರಿನ ಮೇಲೆ ಪರೀಕ್ಷಿಸಬೇಡಿ, ಗೇರುಗಳು ಬಿಗಿದುಕೊಳ್ಳುತ್ತವೆ. ಸಡಿಲ ಮಣ್ಣಿನಲ್ಲಿ ಮುಂಚಕ್ರಗಳ ನಡುವಿನ ಹಬ್‌ಗಳನ್ನು ಲಾಕ್ ಮಾಡಿ, ಲೋ ರೇಂಜ್‌ನಲ್ಲಿ (ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರಿನಲ್ಲಿ) ಏರು ಹತ್ತಿಸಿ, ಫೋರ್ ವೀಲ್ ಡ್ರೈವಿನ ಲಿವರ್ ತಾನಾಗಿ ಜಾರುತ್ತದೆಯೇ ಎಂದು ಗಮನಿಸಿ.

ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಹೊಸದಾಗಿ ಕಟ್ಟಿದ, ಥಳಥಳಿಸುವ ಜೀಪುಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಎಲ್ಲಿಯದಾದರೂ ಸರಿ, ಚಾಸಿಯ ಮೇಲೆ ಕೊರೆದ ಸಂಖ್ಯೆಯನ್ನು ಆರ್‌ಸಿಯೊಂದಿಗೆ ಅಕ್ಷರಕ್ಷರ ಹೋಲಿಸಿ. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಖಾಸಗಿ ವಾಹನಕ್ಕೆ 15 ವರ್ಷವಾದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಎಫ್‌ಸಿ (ವಾಹನದ ಯೋಗ್ಯತಾ ಪರೀಕ್ಷೆ) ಮಾಡಿಸಿ ನೋಂದಣಿ ನವೀಕರಿಸಬೇಕು. ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವುದರಿಂದ, ಇಂಜಿನ್ ಬದಲಿಸಿದ ಗಾಡಿಯಾದರೆ ಅದು ಆರ್‌ಸಿಯಲ್ಲಿ ದಾಖಲಾಗಿರಲೇಬೇಕು.

ಕೊಂಡ ಮೇಲೆ ಮೊದಲ ಹಣವನ್ನು ಬ್ರೇಕ್, ಸ್ಟೇರಿಂಗ್ ಮತ್ತು ಟೈರ್‌ಗಳಿಗೆ ಇಡಿ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೇಗೂ ಹತ್ತಿರವಿದೆ. ವಿಂಚ್ (ಸಿಕ್ಕಿಕೊಂಡ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ), ಲಿಫ್ಟ್ ಕಿಟ್ (ಗಾಡಿಯ ಎತ್ತರ ಹೆಚ್ಚಿಸುವ ಸಾಮಾನು)ಗಳನ್ನು ಮೊದಲ ಮಳೆಗಾಲ ಕಳೆದ ಮೇಲೆ ಯೋಚಿಸಿದರೆ ಸಾಕು. ಅಷ್ಟರಲ್ಲಿ ಗಾಡಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಅದಕ್ಕೆ ನಿಜವಾಗಿ ಏನು ಬೇಕು ಎಂಬುದು ನಿಮಗೇ ತಿಳಿದಿರುತ್ತದೆ.